ಅನ್ನದ ಹಂಗು

ಸಾಲಕ್ಕೂ ಹಂಗಿಗೂ ವ್ಯತ್ಯಾಸವುಂಟು. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಅವಧಿಯಿದೆ; ಕೊನೆಯ ಕಂತು ಕಟ್ಟಿದ ದಿನ ಸಾಲಗಾರ ತಲೆಯೆತ್ತಿ ನಡೆಯಬಹುದು. ಹಂಗಿಗೆ ಇದೊಂದೂ ಇಲ್ಲ. ಎಷ್ಟು ತೀರಿಸಿದರೂ ಬಾಕಿ ಉಳಿಯುವುದೇ ಅದರ ಸ್ವಭಾವ. ದಿಕ್ಕಿಲ್ಲದ ಮಗುವನ್ನು ಎತ್ತಿ ಸಾಕಿದವರು ಆ ಮಗುವಿನ ಮೇಲೆ ಇಂಥ ಹಂಗನ್ನು ಹೊರಿಸಬಹುದೇ? ಆಫ್ರಿಕದ ಅನಾಥ ಮಕ್ಕಳಿಗಾಗಿ ನಡೆಯುವ ಕ್ರೈಸ್ತ ಆಶ್ರಮವೊಂದರ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ 1992ರಲ್ಲಿ ಅಮೆರಿಕದ ಜೆಸುಯಿಟ್ ಪಾದ್ರಿ, ವೈದ್ಯರೂ ಆಗಿದ್ದ ಏಂಜೆಲೊ ಡಿ ಅಗೊಸ್ಟಿನೊ ಮಕ್ಕಳ ಮನೆಯೊಂದನ್ನು ತೆರೆದರು. ಹೆಸರು ‘ನ್ಯುಂಬಾನಿ’, ಸ್ವಾಹಿಲಿ ಭಾಷೆಯಲ್ಲಿ ‘ಮನೆಯಲ್ಲಿ’ ಎಂದರ್ಥ. ಏಡ್ಸ್ ರೋಗದಿಂದ ಹೆತ್ತವರನ್ನು ಕಳಕೊಂಡ, ಇಲ್ಲವೆ ಎಚ್.ಐ.ವಿ. ಸೋಂಕಿನ ಭಯದಿಂದ ಬಿಟ್ಟುಹೋದ ಶಿಶುಗಳಿಗೆ ಅಲ್ಲಿ ಆಸರೆ. ಜನ ಮುಟ್ಟಲೂ ಅಂಜುತ್ತಿದ್ದ ಕಾಲ. ಮದ್ದು ಬಡವರ ಕೈಗೆ ಎಟಕುತ್ತಿರಲಿಲ್ಲ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ ಅದನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದ ಮೇಲೆ ಕ್ರಯ ಇಳಿಯತೊಡಗಿತು. ಅದಕ್ಕೆ ಮುಂಚೆ ಅಂಥ ಮಗುವನ್ನು ಎತ್ತಿಕೊಳ್ಳುವುದೆಂದರೆ ಹೆಚ್ಚಾಗಿ ಅದರ ಸಾವಿನವರೆಗೆ ಜೊತೆಗಿರುವುದು ಎಂದೇ ಅರ್ಥ. ಮರಳಿ ಏನೂ ಸಿಗಲಾರದ ಕಡೆ ಕೊಡುವುದಕ್ಕೆ ನಂಬಿಕೆಯ ಬಲ ಬೇಕು. ಆ ಪಾದ್ರಿಯ ಕ್ರಿಸ್ತನನ್ನು ಬದಿಗಿಟ್ಟು ಅವರ ಸೇವೆಯನ್ನಷ್ಟೇ ಮೆಚ್ಚುತ್ತೇವೆನ್ನುವುದು ಪ್ರಾಮಾಣಿಕತೆಯಾಗದು.

ಮದ್ದು ಬಂದ ಮೇಲೆ ಮಕ್ಕಳು ಬದುಕಿದರು, ದೊಡ್ಡವರಾದರು. ಕಠಿಣ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬದುಕಿದ ಮಗು ಏನು ಕೊಡಬೇಕು? ಯಾವ ಮತದವರು ನಡೆಸಿದರೂ ಇಂಥ ಎಷ್ಟೋ ಆಶ್ರಮಗಳಲ್ಲಿ ಮಗು ದಾನಿಗಳಿಗೆ ಕೃತಜ್ಞತೆಯ ಕಾಗದ ಬರೆಯುತ್ತದೆ, ನಗುತ್ತ ಫೋಟೋಕ್ಕೆ ನಿಲ್ಲುತ್ತದೆ, ಉಣ್ಣುವ ಮುನ್ನ ಸಾಕಿದವರ ದೇವರನ್ನು ಕರೆಯುತ್ತದೆ. ಯಾರೂ ಬಲಾತ್ಕರಿಸಬೇಕಾಗಿಲ್ಲ, ತಟ್ಟೆಯಲ್ಲಿರುವ ಅನ್ನವೇ ಸಾಕು. ನಮ್ಮ ಮನೆಗಳ ಮಕ್ಕಳನ್ನು ನೋಡಿ. ತಟ್ಟೆ ದೂಡುತ್ತಾರೆ, ಹಟ ಹಿಡಿಯುತ್ತಾರೆ, ‘ನೀನು ನನಗೇನು ಮಾಡಿದ್ದೀ?’ ಎಂದು ಅಮ್ಮನನ್ನೇ ಕೇಳುತ್ತಾರೆ. ಅಮ್ಮ ಗದರಿಸಿ, ಮತ್ತೆ ಬಡಿಸುತ್ತಾಳೆ. ಉಪಕಾರವನ್ನು ನೆನೆಯದೆ ಉಣ್ಣುವ ಈ ಸ್ವಾತಂತ್ರ್ಯ ಬಾಲ್ಯದ ದೊಡ್ಡ ಸೊತ್ತು. ಹೆತ್ತವರೊಂದಿಗೆ ಅನಾಥ ಮಗು ಇದನ್ನೂ ಕಳಕೊಳ್ಳುತ್ತದೆ.

ಹಾಗೆಂದು ಆಶ್ರಮಗಳನ್ನು ಮುಚ್ಚಿದರೆ ತೀರಿತೇ? ಬಡತನವೊಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದೆಂದು ವಿಶ್ವಸಂಸ್ಥೆ 2009ರಲ್ಲಿ ಹೇಳಿತು. ಕೀನ್ಯಾ ಸರಕಾರವೂ ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳತ್ತ ಒಯ್ಯುವ ಹತ್ತು ವರ್ಷಗಳ ಯೋಜನೆಯನ್ನು 2022ರಲ್ಲಿ ರೂಪಿಸಿತು. ದಾರಿ ಸರಿಯಾದುದೇ. ಆದರೆ ಚಿಕ್ಕಪ್ಪನ ಮನೆಯಲ್ಲಿಯೂ ಹಂಗಿನ ಅನ್ನ ಉಂಟು. ರಕ್ತಸಂಬಂಧವೆಂಬ ಮಾತ್ರಕ್ಕೆ ಅದು ರುಚಿಸದು.

ನ್ಯುಂಬಾನಿ ಇಟ್ಟ ಎರಡು ಹೆಜ್ಜೆಗಳು ಈ ವಿಷಯದಲ್ಲಿ ಗಮನಿಸತಕ್ಕವು. ಸೋಂಕಿನ ಮಕ್ಕಳನ್ನು ಸರಕಾರಿ ಶಾಲೆಗಳು ಸೇರಿಸಿಕೊಳ್ಳದಿದ್ದಾಗ ಅದು ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ಮಕ್ಕಳಿಗೆ ಪ್ರವೇಶ ದೊರೆಯಿತು. ದಯೆಯೆಂದು ಬೇಡದೆ ಹಕ್ಕೆಂದು ಕೇಳಿ ಪಡೆದ ಆ ಬೆಂಚಿನ ಮೇಲೆ ಕುಳಿತ ಮಗುವಿಗೆ ಯಾರ ಹಂಗೂ ಇಲ್ಲ. ಎರಡನೆಯದು 2006ರಲ್ಲಿ ಕಿಟುಯಿ ಪ್ರದೇಶದಲ್ಲಿ ಆರಂಭವಾದ ಹಳ್ಳಿ. ಏಡ್ಸ್‌ನಿಂದ ಮಕ್ಕಳನ್ನು ಕಳಕೊಂಡ ಅಜ್ಜ ಅಜ್ಜಿಯರು ಅಲ್ಲಿ ಅನಾಥ ಮಕ್ಕಳೊಂದಿಗೆ ಮನೆ ಹೂಡಿದರು. ಒಬ್ಬ ಅಜ್ಜಿಯ ಆರೈಕೆಯಲ್ಲಿ ಅವಳ ಸ್ವಂತ ಮೊಮ್ಮಕ್ಕಳೊಂದಿಗೆ ಬೇರೆಯವರ ಮಕ್ಕಳೂ ಇರುತ್ತಾರೆ. ಮಗುವಿಗೆ ಅಜ್ಜಿ ಬೇಕು, ಅಜ್ಜಿಗೂ ಮಗು ಬೇಕು. ಕೊಟ್ಟವರು ಯಾರು, ಪಡೆದವರು ಯಾರು ಎಂಬ ಲೆಕ್ಕ ಅಂಥಲ್ಲಿ ಕೂಡಿಬರುವುದಿಲ್ಲ. ಆ ವರ್ಷವೇ ಪಾದ್ರಿ ತೀರಿಕೊಂಡರು.

ಸಾಕಿದವರ ದೇವರನ್ನು ಮಗು ಮುಂದೆ ತನ್ನದಾಗಿ ಮಾಡಿಕೊಂಡರೆ ಅದು ಸಂತೋಷದ ಸಂಗತಿಯೇ. ಆದರೆ ಒಲ್ಲೆನೆಂದ ಮಗುವಿಗೂ ಅದೇ ಬಾಗಿಲು ತೆರೆದಿರಬೇಕು, ಅದೇ ಅನ್ನ ಸಿಗಬೇಕು. ಆಗ ಮಾತ್ರ ಒಪ್ಪಿಕೊಂಡ ಮಗುವಿನ ಪ್ರಾರ್ಥನೆಗೂ ಬೆಲೆ. ಇಲ್ಲವಾದರೆ ಅದು ಊಟದ ಬಾಬ್ತು ಸಂದಾಯವಾದಂತೆ.