ಕಿಟಕಿ ತೆಗೆಯೋರು ಯಾರು?

ಹೋದ ವರ್ಷ ಮಾರ್ಚ್ ಕೊನೆಯಲ್ಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಅಣ್ಣ ಒಂದು ಕೊಟೇಶನ್ ಹಾಕಿದ. ಅಣ್ಣ ಅಂದರೆ ದೊಡ್ಡಮ್ಮನ ಮಗ, ಮೈಸೂರಿನ ತಾತನ ಮನೆಯಲ್ಲಿ ಅಮ್ಮನ ಜೊತೆ ಇರುವವನು. ಎರಡು ಏಸಿ, ಹೆಂಚಿನ ಕೆಳಗೆ ಜಿಪ್ಸಮ್ ಸೀಲಿಂಗ್, ಮರದ ಕಿಟಕಿ ಕಿತ್ತು ಅಲ್ಯುಮಿನಿಯಂ ಸ್ಲೈಡಿಂಗ್, ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಶೀಟು. ಕೆಳಗೆ ಒಂದೇ ಸಾಲು: "ಬೇಸಿಗೇಲಿ ಒಳಗೆ ಕೂರಕ್ಕಾಗ್ತಿಲ್ಲ."

ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿ ಏಸಿ ಹಾಕಿಕೊಂಡೇ ಕೂತಿದ್ದ ನಾನು ತಕ್ಷಣ ಟೈಪ್ ಮಾಡಿದೆ: "ನೂರು ವರ್ಷದ ತೊಟ್ಟಿ ಮನೆ. ಕರೆಂಟಿಲ್ಲದೆ ತಂಪಾಗಿರಲಿ ಅಂತಲೇ ಕಟ್ಟಿದ್ದು. ದಯವಿಟ್ಟು ಮುಟ್ಟಬೇಡಿ." ಮೂರು ಜನ ಹಾರ್ಟ್ ಒತ್ತಿದರು. ಮೂವರೂ ಮೈಸೂರಿನಲ್ಲಿಲ್ಲ.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ವಾಯ್ಸ್ ನೋಟ್ ಬಂತು. "ಹಂಗಾದ್ರೆ ಒಂದು ವಾರ ಬಂದು ನೀನೇ ಕಿಟಕಿ ತೆಗಿಯೋ."

ಹೋದೆ. ವರ್ಕ್ ಫ್ರಮ್ ಹೋಮ್ ಇತ್ತಲ್ಲ.

ಆ ಮನೆಯಲ್ಲಿ ಹದಿನೇಳು ಕಿಟಕಿ. ಬೆಳಗಿನ ಜಾವ ಐದಕ್ಕೆ ಎಲ್ಲವನ್ನೂ ತೆಗೀಬೇಕು. ಒಂಬತ್ತೂವರೆಗೆ, ಬಿಸಿಲು ಬಲಿಯುವ ಮೊದಲು, ಎಲ್ಲವನ್ನೂ ಮುಚ್ಚಬೇಕು. ಮಧ್ಯಾಹ್ನ ಪಡುವಣ ಬದಿಯ ಲಾವಂಚದ ತಟ್ಟಿಗೆ ಎರಡು ಸಲ ನೀರು ಚಿಮುಕಿಸಬೇಕು, ತೊಟ್ಟಿಯ ಕಲ್ಲಿಗೆ ಒಂದು ಬಕೆಟ್ ಸುರಿಯಬೇಕು. ಸಂಜೆ ಗಾಳಿ ತಿರುಗಿದ ಮೇಲೆ ಮತ್ತೆ ಹದಿನೇಳು. ಮೇಲಿನ ಬೋಲ್ಟಿಗೆ ಸ್ಟೂಲು ಹತ್ತಬೇಕು. ನಾಲ್ಕನೇ ದಿನ ಸ್ಟ್ಯಾಂಡಪ್ ಕಾಲ್ ಮಧ್ಯೆ ಓಡಿಹೋಗಿ ತಟ್ಟಿಗೆ ನೀರು ಹಾಕಿ ಬಂದೆ, ಐದನೇ ದಿನ ಮರೆತೆ. ದೊಡ್ಡಮ್ಮನಿಗೆ ಎಪ್ಪತ್ನಾಲ್ಕು, ಎರಡೂ ಮಂಡಿ ನೋವು.

ಕೆಲಸ ಮಾಡಿದ ದಿನಗಳಲ್ಲಿ ಮನೆ ನಿಜವಾಗಿಯೂ ತಂಪಾಗಿತ್ತು. ಇದರಲ್ಲಿ ಮ್ಯಾಜಿಕ್ ಏನಿಲ್ಲ. ಒಂದೂವರೆ ಅಡಿ ದಪ್ಪದ ಗೋಡೆ ಹಗಲಿನ ಬಿಸಿಯನ್ನು ನಿಧಾನ ಕುಡಿಯುತ್ತೆ, ರಾತ್ರಿ ನಿಧಾನ ಬಿಡುತ್ತೆ. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ ಗಾಳಿ ತಣ್ಣಗಾಗುತ್ತೆ. ಆ ಗಾಳಿ ಒಳಗೆ ಬಂದರೆ ಗೋಡೆಯ ಬಿಸಿಯನ್ನು ಎತ್ತಿಕೊಂಡು ತೊಟ್ಟಿಯ ಮೂಲಕ ಮೇಲಕ್ಕೆ ಹೋಗುತ್ತೆ. ಸೊಳ್ಳೆಗೋ ಕಳ್ಳರಿಗೋ ಹೆದರಿ ರಾತ್ರಿಯಿಡೀ ಕಿಟಕಿ ಮುಚ್ಚಿಟ್ಟರೆ ಬಿಸಿ ದಿನದಿಂದ ದಿನಕ್ಕೆ ಗೋಡೆಯಲ್ಲೇ ಕೂಡಿಡುತ್ತಾ ಹೋಗುತ್ತೆ. ಆಗ ನಾವು, ಹಳೇ ಮನೆ ಕೆಟ್ಟದು ಅಂತೀವಿ.

ಹೆಂಚಿನ ಮಾಡೂ ಅಷ್ಟೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕಡೆಯೆಲ್ಲ ಹರಡಿದ ಹೆಂಚು ಅದು. ನಡುಮಧ್ಯಾಹ್ನ ಅದೂ ಕಾಯುತ್ತೆ, ನಿಜ. ಆದರೆ ಹೆಂಚು ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಸೋರಿ ಹೋಗುತ್ತೆ. ಅಂದರೆ ಈ ಮನೆಯ ಇಡೀ ಲೆಕ್ಕಾಚಾರವೇ ಸೋರುವುದು. ಏಸಿಯ ಲೆಕ್ಕಾಚಾರ ಸರಿಯಾಗಿ ಇದರ ಉಲ್ಟಾ, ಅದಕ್ಕೆ ಬೇಕಾದ್ದು ಮುಚ್ಚಿದ ಡಬ್ಬಿ. ಸೋರುವ ಮನೆಗೆ ಏಸಿ ಹಾಕಿದರೆ ಬೀದಿಯನ್ನು ತಂಪು ಮಾಡಿದ ಹಾಗೆ. ತೊಟ್ಟಿಗೆ ಪಾರದರ್ಶಕ ಶೀಟು ಹೊದಿಸಿದರಂತೂ ಮನೆಯ ಮೂಗನ್ನೇ ಹಿಡಿದಂತೆ: ಬಿಸಿಲು ಒಳಗೆ, ಬಿಸಿಗಾಳಿಯೂ ಒಳಗೆ. ಹಾಗಾಗಿ ಅಣ್ಣನ ಕೊಟೇಶನ್ ತಪ್ಪು ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅನುಮಾನ ಬಂದದ್ದು ನನ್ನ ಮೆಸೇಜಿನ ಬಗ್ಗೆ.

"ಕರೆಂಟಿಲ್ಲದೆ ತಂಪಾಗಿರುವ ಮನೆ" ಅಂದೆನಲ್ಲ, ಆ ಮನೆ ಯಾವತ್ತೂ ಪುಕ್ಕಟೆಯಾಗಿ ತಂಪಾಗಿರಲಿಲ್ಲ. ಮೀಟರಿಲ್ಲದ ಒಂದು ಶಕ್ತಿಯಿಂದ ನಡೆಯುತ್ತಿತ್ತು. ಅಜ್ಜಿ, ಆಮೇಲೆ ದೊಡ್ಡಮ್ಮ, ನಡುವೆ ಮನೆಗೆಲಸಕ್ಕೆ ಬರುತ್ತಿದ್ದವರು. ಅವರು ಸ್ಟೂಲು ಹತ್ತಿದ್ದನ್ನು, ಬಕೆಟ್ ಎತ್ತಿದ್ದನ್ನು ಯಾರೂ ಯೂನಿಟ್ಟಿನಲ್ಲಿ ಅಳೆಯಲಿಲ್ಲ, ಆದ್ದರಿಂದ ಬಿಲ್ಲು ಸೊನ್ನೆ. ನಾವು "ಪೂರ್ವಜರ ಜಾಣ್ಮೆ" ಅಂತ ಹೊಗಳುವಾಗ ಅದರಲ್ಲಿ ಅರ್ಧ ಜಾಣ್ಮೆ, ಇನ್ನರ್ಧ ಹೆಂಗಸರ ದುಡಿಮೆ. ಗೋಡೆಯನ್ನು ಉಳಿಸಿ ಅಂತ ಕೇಳುವ ನಾನು, ಆ ದುಡಿಮೆಯೂ ಹಾಗೇ ಮುಂದುವರೀಲಿ ಅಂತಲೂ ಕೇಳ್ತಿದ್ದೆ. ಗೊತ್ತಿಲ್ಲದೆ ಕೇಳಿದ್ದೆ ಅನ್ನೋದು ಸಮಾಧಾನವೇ ಹೊರತು ಉತ್ತರವಲ್ಲ.

ಹಾಗಂತ ಇರುವವರ ಇಷ್ಟ, ಕಿತ್ತು ಬಿಸಾಕಲಿ ಅಂತಲೂ ಹೇಳಲಾರೆ. ಇಂಥ ಮನೆ ಹೋದರೆ ಮತ್ತೆ ಬರುವುದಿಲ್ಲ. ಆ ಇಟ್ಟಿಗೆ ಸುಡಲು, ಮರ ಕಡಿಯಲು ನೂರು ವರ್ಷದ ಹಿಂದೆಯೇ ಶಕ್ತಿ ಖರ್ಚಾಗಿದೆ, ಕೆಡವಿ ಹೊಸ ಕಾಂಕ್ರೀಟ್ ಸುರಿದರೆ ಆ ಲೆಕ್ಕ ಮೊದಲಿಂದ ಶುರು. ಇನ್ನೂ ಹುಟ್ಟದವರಿಗೂ ಆ ತೊಟ್ಟಿಯ ಮೇಲೆ ಒಂದಿಷ್ಟು ಹಕ್ಕಿದೆ ಅಂತ ನಾನು ನಂಬ್ತೀನಿ. ಆದರೆ ಹುಟ್ಟದವರ ಪರವಾಗಿ ಮಾತಾಡುವವನು ಅವರ ಪಾಲಿನ ಖರ್ಚನ್ನೂ ಕೊಡಬೇಕು. "ಬದಲಾಯಿಸಬೇಡಿ" ಅನ್ನುವ ಹಕ್ಕು ಪುಕ್ಕಟೆ ಸಿಗಬಾರದು.

ವಾರದ ಕೊನೆಗೆ ನಾನು, ಅಣ್ಣ ಕೂತು ಎರಡು ಪ್ರಶ್ನೆ ಇಟ್ಟುಕೊಂಡೆವು. ಮಾಡಿದ್ದನ್ನು ನಾಳೆ ಗುರುತಿಲ್ಲದೆ ಬಿಚ್ಚಬಹುದಾ? ದೊಡ್ಡಮ್ಮನ ಕೆಲಸ ಕಮ್ಮಿಯಾಗುತ್ತಾ?

ಎರಡಕ್ಕೂ ಹೌದು ಅನ್ನಿಸಿದ್ದನ್ನಷ್ಟೇ ಮಾಡಿದೆವು. ಕಿಟಕಿಗಳಿಗೆ ಒಳಗಿನಿಂದ ಜಾಲರಿಯ ಚೌಕಟ್ಟು, ಸ್ಕ್ರೂ ಬಿಚ್ಚಿದರೆ ಹೊರಬರುವಂಥದ್ದು. ಸರಳು ಮೊದಲೇ ಇದ್ದದ್ದರಿಂದ ಈಗ ರಾತ್ರಿ ತೆಗೆದೇ ಇಡಬಹುದು. ಮೇಲಿನ ಬೋಲ್ಟಿಗೆ ಕೆಳಗಿನಿಂದಲೇ ಎಳೆಯುವ ಕಡ್ಡಿ. ಒಂದು ಬೆಳಕಿಂಡಿಯಲ್ಲಿ ಟೈಮರ್ ಇರುವ ಎಕ್ಸಾಸ್ಟ್ ಫ್ಯಾನು, ರಾತ್ರಿ ಹತ್ತರಿಂದ ಐದರವರೆಗೆ ಗೋಡೆಯ ಬಿಸಿ ಹೊರಗೆ ತಳ್ಳಲಿಕ್ಕೆ. 75 ವ್ಯಾಟಿನ ಹಳೇ ಫ್ಯಾನುಗಳ ಜಾಗಕ್ಕೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ. ಹಿಂದೆ ಯಾರೋ ಗೋಡೆಯ ಬುಡಕ್ಕೆ ಬಳಿಸಿದ್ದ ಸಿಮೆಂಟ್ ಒಳಗಿನ ತೇವವನ್ನು ಹಿಡಿದಿಟ್ಟಿತ್ತು, ಅದನ್ನು ಕೆರೆದು ಸುಣ್ಣದ ಗಾರೆ ಹಾಕಿಸಿದೆವು.

ಮತ್ತೆ, ಹೌದು, ಒಂದು ಏಸಿ. ದೊಡ್ಡಮ್ಮನ ಕೋಣೆಗೆ ಮಾತ್ರ. ಅದಕ್ಕೆ ಮರದ ಅಟ್ಟ ಇದೆ, ಹಾಗಾಗಿ ಮನೆಯಲ್ಲಿ ನಿಜವಾಗಿ ಮುಚ್ಚಬಹುದಾದ ಡಬ್ಬಿ ಅದೊಂದೇ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಅಟ್ಟದ ಮೇಲೆ ಹಾಸಿ ತೆಗೆಯಬಹುದಾದ ಇನ್ಸುಲೇಶನ್. 26ಕ್ಕೆ ಇಟ್ಟು ಫ್ಯಾನು ಹಾಕಿಕೊಂಡರೆ ಸಾಕಾಗುತ್ತೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ. ಗೋಡೆಗೆ ಒಂದು ತೂತು ಕೊರೆಯಬೇಕಾಯಿತು. ಅಲ್ಲಿ ನಮ್ಮ ಮೊದಲ ಪ್ರಶ್ನೆ ಸೋತಿತು. ಆ ಕೋಣೆಯಲ್ಲಿ ಎರಡನೇ ಪ್ರಶ್ನೆಯೇ ದೊಡ್ಡದು ಅಂತ ನಿರ್ಧರಿಸಿದೆವು.

ಅರ್ಧ ಖರ್ಚು ನನ್ನದು. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವ ಕೂಲಿಯೂ ಇನ್ಮೇಲೆ ನನ್ನದೇ. ಹಾರ್ಟ್ ಒತ್ತಿದ ಮೂವರಿಗೂ ಲೆಕ್ಕ ಕಳಿಸಿದೆ. ಒಬ್ಬಳು ಕೊಟ್ಟಳು.

ಈ ಏಪ್ರಿಲ್‌ನಲ್ಲಿ ಮತ್ತೆ ಹೋಗಿದ್ದೆ. ಅಣ್ಣ ಊಟದ ಹೊತ್ತಿಗೆ ಮೆಲ್ಲಗೆ ಕೇಳಿದ: "ಅಮ್ಮ ಆದಮೇಲೆ ನಾನೂ ಅಪಾರ್ಟ್ಮೆಂಟಿಗೆ ಹೋಗ್ತೀನಿ. ಆಗ ನೀ ಬಂದಿರ್ತೀಯಾ?" ಹೂಂ ಅನ್ನಲು ಬಾಯಿ ಬರಲಿಲ್ಲ, ಊಹೂಂ ಅನ್ನಲೂ ಮನಸ್ಸಾಗಲಿಲ್ಲ. ಎದ್ದು ಕೈ ತೊಳೆದುಕೊಂಡು, ಸಂಜೆಯಾಗಿತ್ತಲ್ಲ, ಕಿಟಕಿ ತೆಗೆಯಲು ಹೋದೆ.