ದೋಸೆಗೆ ಏಳೇ ನಿಮಿಷ

ತಂಗಿಯ ಮಗ ಬಸವನಗುಡಿಯಲ್ಲೊಂದು ಫ್ಲ್ಯಾಟ್ ನೋಡಲು ಹೊರಟಿದ್ದ. ‘ಮಾವ, ನೀವೂ ಬನ್ನಿ. ನನಗೆ ಟೈಲ್ಸ್ ಬಿಟ್ಟು ಬೇರೇನೂ ಕಾಣಲ್ಲ’ ಎಂದ. ಬ್ರೋಕರ್ ಬೀಗ ತೆಗೆಯುವ ಮೊದಲೇ ಶುರು ಮಾಡಿದ: ‘ವಿದ್ಯಾರ್ಥಿ ಭವನಕ್ಕೆ ಏಳೇ ನಿಮಿಷ ಸಾರ್, ನಡ್ಕೊಂಡು. ಶುಕ್ರವಾರ ಒಂದು ಬಿಟ್ಟು ಯಾವತ್ತು ಬೇಕಾದ್ರೂ ದೋಸೆ.’ 1943ರಿಂದ ಗಾಂಧಿಬಜಾರಿನಲ್ಲಿರುವ ಆ ಹೋಟೆಲು ಚದರಡಿಯ ದರಕ್ಕೆ ಎಷ್ಟು ಸೇರಿಸುತ್ತದೋ, ಅವನೇ ಬಲ್ಲ. ಹಿಂದೆ ಮನೆ ಕೊಳ್ಳುವವರು ಬಾವಿಯದು ಸಿಹಿನೀರೋ ಸವಳುನೀರೋ ಎಂದು ಕೇಳುತ್ತಿದ್ದರು. ಈಗ ಫಿಲ್ಟರ್ ಕಾಫಿ ಎಷ್ಟು ದೂರ ಎನ್ನುತ್ತಾರೆ. ತಪ್ಪೇನಿಲ್ಲ. ಕಾರು ತೆಗೆಯದೆ ತಿಂಡಿ ತಿಂದು, ಹೂವು ತರಕಾರಿ ಕೊಂಡು, ಗುರುತಿನವರಿಗೆ ತಲೆಯಾಡಿಸಿ ಮನೆ ಸೇರುವುದು ಬೆಂಗಳೂರಿನಲ್ಲಿ ಈಗ ಸಿರಿವಂತಿಕೆಯೇ.

ಒಳಗೆ ಹೋದ ಮೇಲೆ ಬ್ರೋಕರ್ ಮೊಬೈಲಿನಲ್ಲಿ ದಿಕ್ಸೂಚಿ ತೆರೆದ. ಬಾಗಿಲು ಪೂರ್ವಕ್ಕೆ, ಅಡುಗೆಮನೆ ಆಗ್ನೇಯಕ್ಕೆ. ‘ಫುಟ್‌ಪಾತ್ ಹೇಗಿದೆ?’ ಎಂದೆ. ‘ಫುಟ್‌ಪಾತಾ ಸಾರ್?’ ಎಂದು ಅಳಿಯನ ಮುಖ ನೋಡಿದ. ನಡಿಗೆಯ ಹೆಸರಲ್ಲಿ ಹಣ ಕೇಳುವವನಿಗೆ ನಡೆಯುವ ಜಾಗದ ನೆನಪೇ ಇರಲಿಲ್ಲ. ಆಗ್ನೇಯದ ಒಲೆಯಿಂದ ಯಾರಿಗಾದರೂ ಒಳಿತಾಯಿತು ಎನ್ನಲು ಸಾಕ್ಷಿಯಿಲ್ಲ. ಮೋರಿಯ ಮೇಲೆ ಎದ್ದು ನಿಂತ ಚಪ್ಪಡಿಗೆ ಎಡವಿ ಸೊಂಟ ಮುರಿದುಕೊಂಡವರು ಬೇಕಾದಷ್ಟಿದ್ದಾರೆ. ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯೊಂದರಲ್ಲಿ ಎಚ್. ನರಸಿಂಹಯ್ಯನವರು ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ ಮನುಷ್ಯ. ಅವರಿದ್ದ ಬಡಾವಣೆಯಲ್ಲೇ ನಾವು ಚಪ್ಪಡಿ ಬಿಟ್ಟು ದಿಕ್ಕು ಅಳೆಯುತ್ತ ನಿಂತಿದ್ದೆವು.

ಹೊರಡುವಾಗ ಬಂತು ನಿಜವಾದ ಪ್ರಶ್ನೆ. ‘ಬಿಲ್ಡಿಂಗಲ್ಲಿ ಎಲ್ಲಾ ಪ್ಯೂರ್ ವೆಜ್ಜೇ ಸಾರ್. ತಾವು?’

ಇದು ಬದನೆಕಾಯಿಯ ವಿಚಾರವಲ್ಲವೆಂದು ಕೇಳಿದವನಿಗೂ ಗೊತ್ತು, ಕೇಳಿಸಿಕೊಂಡ ನಮಗೂ ಗೊತ್ತು. ಜಾತಿ ಕೇಳಲು ನಾಲಿಗೆ ಅಳುಕಿದರೆ ತಟ್ಟೆ ಕೇಳುವುದು ನಮ್ಮ ಹೊಸ ಸಭ್ಯತೆ. ಅಳಿಯ ‘ವೆಜ್ಜೇ’ ಎಂದುಬಿಟ್ಟ. ನಾನು ಅವನತ್ತ ತಿರುಗಿದೆ. ಅವನು ಕಿಟಕಿಯತ್ತ ತಿರುಗಿದ. ಅವನ ಹೆಂಡತಿ ಮಂಗಳೂರಿನವಳು. ಬಂಗುಡೆ ಪುಳಿಮುಂಚಿಯನ್ನು ಅವಳಷ್ಟು ಹದವಾಗಿ ಮಾಡುವವರನ್ನು ನಾನು ಕಂಡಿಲ್ಲ.

ದೋಸೆಗೆ ಹೋದೆವು. ಏಳಲ್ಲ, ಹನ್ನೊಂದು ನಿಮಿಷ. ನನ್ನ ಮಂಡಿಯ ಪಾಲು ಎರಡೋ ಮೂರೋ ಇರಬಹುದು. ಕಾದು, ಅಪರಿಚಿತರಿಬ್ಬರು ಕೂತಿದ್ದ ಮೇಜಿಗೇ ಸೇರಿಕೊಂಡೆವು. ಸಪ್ಲೈಯರ್ ಮೊಣಕೈವರೆಗೂ ತಟ್ಟೆ ಪೇರಿಸಿಕೊಂಡು ಬಂದ. ಎದುರಿದ್ದವರು ಚಟ್ನಿ ಬಕೆಟ್ಟಿನವನನ್ನು ಕೂಗಿ ನಮ್ಮ ಕಡೆಗೂ ಕೈ ತೋರಿಸಿದರು. ‘ತಾವು?’ ಎಂದು ಯಾರೂ ಕೇಳಲಿಲ್ಲ.

ಇದೇನು ತಾನಾಗಿ ಬಂದದ್ದಲ್ಲ. ಒಂದು ಕಾಲಕ್ಕೆ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು, ಕೆಲವರಿಗೆ ಬಾಗಿಲೇ ಇರುತ್ತಿರಲಿಲ್ಲ. ಹಳ್ಳಿಯ ಚಹಾದಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಸಂವಿಧಾನದ 15(2)ನೇ ವಿಧಿ ಹೆಸರು ಹಿಡಿದು ಹೇಳುತ್ತದೆ: ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಧರ್ಮ, ಜಾತಿ, ಲಿಂಗ, ಹುಟ್ಟಿದೂರು ಯಾವುದರ ನೆಪದಲ್ಲೂ ಇಲ್ಲಿ ಯಾರನ್ನೂ ತಡೆಯುವಂತಿಲ್ಲ. ಹೋಟೆಲು, ರಸ್ತೆ ಎರಡೂ ಒಂದೇ ಪಟ್ಟಿಯಲ್ಲಿವೆ. ಬ್ರೋಕರ್ ಮಾರಲು ಹೊರಟ ಏಳು ನಿಮಿಷ ಪೂರ್ತಿ ಆ ಪಟ್ಟಿಯೊಳಗೇ ಬರುತ್ತದೆ. ಪಟ್ಟಿಯಲ್ಲಿಲ್ಲದ್ದು ಮನೆ.

ಹತ್ತಿರದ ಶಂಕರಪುರದಲ್ಲಿ 1965ರಿಂದ ‘ಬ್ರಾಹ್ಮಿನ್ಸ್ ಕಾಫಿ ಬಾರ್’ ಇದೆ. ಬೋರ್ಡಿನ ಮೇಲೆ ಜಾತಿ, ಬೋರ್ಡಿನ ಕೆಳಗೆ ಜಗತ್ತು. ಜಯನಗರದಲ್ಲಿ 1983ರಲ್ಲಿ ಶುರುವಾದ ಕೆಫೆ ದರ್ಶಿನಿಯ ಮಾದರಿಯಂತೂ ಕುರ್ಚಿಯನ್ನೇ ಎತ್ತಿಹಾಕಿತು. ಕುರ್ಚಿಯ ಜೊತೆ ‘ಇದು ನನ್ನ ಜಾಗ’ ಎನ್ನುವುದೂ ಹೋಯಿತು. ಜೇಬಿನಲ್ಲಿ ಎರಡಿಡ್ಲಿಯ ದುಡ್ಡಿರಬೇಕು ಎನ್ನುವುದೊಂದೇ ಅಲ್ಲಿನ ಶರತ್ತು. ಅದೂ ಶರತ್ತೇ, ಸಣ್ಣದಲ್ಲ. ಆದರೆ ದುಡ್ಡು ಕೈಯಿಂದ ಕೈಗೆ ಹೋಗುತ್ತದೆ, ಹುಟ್ಟು ಹೋಗುವುದಿಲ್ಲ.

ಮನೆಗಾಗಿ ಸುಳ್ಳು ಹೇಳಿದವರಲ್ಲಿ ನನ್ನ ಅಳಿಯ ಮೊದಲಿಗನಲ್ಲ. ಕೊಲಂಬಿಯಾದಲ್ಲಿ ಓದಿ, ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಅಂಬೇಡ್ಕರರು ಬೇರೆ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿಯಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗಟ್ಟಿದರು. ಗೆಳೆಯರ ಮನೆಗಳಲ್ಲೂ ಜಾಗವಾಗದೆ, ಬೊಂಬಾಯಿಯ ರೈಲು ಹೊರಡುವವರೆಗೆ ಉದ್ಯಾನದಲ್ಲಿ ಕೂತಿದ್ದರು. ಹೋಲಿಕೆ ತೀರಾ ದೊಡ್ಡದಾಯಿತು, ಬಲ್ಲೆ. ಅಳಿಯನಿಗೆ ತಟ್ಟಲು ಇನ್ನೂ ಹತ್ತು ಬಾಗಿಲಿವೆ, ಕೈಯಲ್ಲಿ ಬ್ಯಾಂಕ್ ಸಾಲವಿದೆ. ಆದರೆ ಬಾಗಿಲ ಹಿಂದಿನ ಮನಸ್ಸು ಅದೇ. ಕಾನೂನೂ ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮವರಿಗೇ ಮೀಸಲಿಡಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಒಪ್ಪಿತು. ‘ನಮ್ಮವರ ಜೊತೆ ಇರುತ್ತೇವೆ, ಎಲ್ಲರ ಜೊತೆ ತಿನ್ನುತ್ತೇವೆ’ ಎಂದರೆ ಕೇಳಲು ಚೆನ್ನ. ಆದರೆ ಯಾರನ್ನೂ ಕೇಳದೆ ಬಡಿಸಿದ್ದಕ್ಕೇ ಈ ಬೀದಿಗೆ ಕಳೆ ಬಂದದ್ದು. ಆ ಕಳೆಯ ಬೆಲೆ ಎಣಿಸಿಕೊಂಡು, ಕೇಳಿ ಕೇಳಿ ಆರಿಸುವವರು ಮನೆಯವರು.

ಮೇಜು ಒರೆಸುವ ಹುಡುಗ ನಮ್ಮ ತಟ್ಟೆ ಎತ್ತಿದ. ಇಂಥ ಬೀದಿಗಳಲ್ಲಿ ಅವನ ಸಂಬಳಕ್ಕೆ ಎಟುಕುವ ಬಾಡಿಗೆ ಕೋಣೆ ಸಿಗುವುದು ಕಷ್ಟ. ನಮಗೆ ನಡಿಗೆಯ ದೂರ ಉಳಿಯಲೆಂದು ಬೆಳಗಿನ ಮೊದಲ ಬಸ್ಸು ಹಿಡಿಯುವವರು ಎಷ್ಟೋ ಜನ. ಹೋಟೆಲಿಗೇ ಜಾಗ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಸುಮಾರು 70 ವರ್ಷ ನಡೆದು 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಹೋಟೆಲು ಹತ್ತಿರವಿದೆಯೆಂದು ನೆಲದ ಬೆಲೆ ಏರುವುದು, ಏರಿದ ನೆಲದ ಮೇಲೆ ದೋಸೆ ಹುಯ್ಯುವುದು ಮಾಲೀಕನಿಗೆ ನಷ್ಟವೆನಿಸುವುದು: ಈ ಲೆಕ್ಕ ಬ್ರೋಕರನ ಬಾಯಲ್ಲಿ ಬರುವುದಿಲ್ಲ.

ಕಾಫಿ ಬಂತು. ‘ಯಾಕೋ ಹಾಗಂದೆ?’ ಎಂದೆ.

‘ಮನೇಲಿ ಮಾಡಲ್ಲ ಅಷ್ಟೇ ಮಾವ. ಹೊರಗೆ ತಿಂತೀವಿ.’

ಲೋಟ ಡಬರಿಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ನಕ್ಕ. ‘ಮಿಲಿಟರಿ ಹೋಟೆಲಿಗೆ ಎಷ್ಟು ನಿಮಿಷ ಅಂತ ಅವನನ್ನ ಕೇಳೋಹಾಗೂ ಇಲ್ಲ, ನೋಡಿ.’