ಆಪರೇಷನ್ ಯಾರಿಗೆ?

ಅಮ್ಮನಿಗೆ ಆಪರೇಷನ್ ಆದಾಗ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದಿತ್ತು. ಭಾರ ಎತ್ತಬೇಡ ಅಂದಿದ್ದರು ಡಾಕ್ಟರು. ಹುಳಕ್ಕೆ ಅದು ಗೊತ್ತಾಗುತ್ತಾ? ಹತ್ತನೇ ದಿನಕ್ಕೆ ಅಮ್ಮನ ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಶಿಡ್ಲಘಟ್ಟದ ಕಡೆ ಇದೇನು ವಿಶೇಷವಲ್ಲ. ಅಪ್ಪನಿಗೇ ಯಾಕೆ ಮಾಡಿಸಲಿಲ್ಲ ಅಂತ ಎಷ್ಟೋ ವರ್ಷಗಳ ನಂತರ ಕೇಳಿದೆ. "ಗಂಡಸ್ರು ದುಡಿಯೋರಲ್ವೇನೋ" ಅಂದಳು!

ಆಫೀಸಿನಲ್ಲಿ ನಾನು ಮಾಡೋದು ಡ್ಯಾಶ್‌ಬೋರ್ಡ್. ಹಾಗಾಗಿ ಅಂಕಿ ನೋಡುವ ಚಟ. ಕರ್ನಾಟಕದಲ್ಲಿ ಲಕ್ಷ ಮಕ್ಕಳು ಹುಟ್ಟುವಷ್ಟರಲ್ಲಿ 2004-06ರ ಹೊತ್ತಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69. ದೊಡ್ಡ ಗೆಲುವು, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರಿಗೆ ಕೈ ಮುಗಿಯಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ದೇಶದ ವಿವಾಹಿತ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸಿಕೊಂಡವರು ಶೇ. 37.9. ಗಂಡ ಮಾಡಿಸಿಕೊಂಡಿದ್ದು ಶೇ. 0.3. ಗಂಡಸರದ್ದೇ ಸುಲಭದ್ದು, ಹೊಲಿಗೆಯೂ ಬೇಡ, ಅದೇ ದಿನ ಮನೆಗೆ.

ಇಷ್ಟು ಆಪರೇಷನ್ ಆಗಲೇಬೇಕು ಅಂತ ಮೇಲಿಂದ ಗುರಿ ಕೊಡೋದನ್ನ 1996ರಲ್ಲೇ ಕೈಬಿಟ್ಟರು. ಈಗ ಎಲ್ಲವೂ ಒಪ್ಪಿಗೆ ಮೇಲೆ. ಅಮ್ಮನೂ ಒಪ್ಪಿಯೇ ಹೆಬ್ಬೆಟ್ಟು ಒತ್ತಿದ್ದಳು. ಮನೆಯಲ್ಲಿ ಇನ್ನೊಬ್ಬರನ್ನು ಕೇಳೋದೇ ಇಲ್ಲ ಅಂದ ಮೇಲೆ, ಅದನ್ನ ಒಪ್ಪಿಗೆ ಅನ್ನೋದು ಹೇಗೆ?

ಹೋದ ವರ್ಷ ನಮಗೆ ಎರಡನೇ ಮಗು ಆಯಿತು. ಮಾರನೇ ದಿನ ನರ್ಸ್ ಬಂದು, "ಆಪರೇಷನ್ ಮಾಡಿಸ್ಕೊತೀಯೇನಮ್ಮ?" ಅಂತ ನನ್ನ ಹೆಂಡತಿಯನ್ನ ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಮೊಬೈಲ್ ನೋಡುತ್ತಾ ನಿಂತಿದ್ದೆ.